'ಅನಾಯ್' ಕ್ರಿಯಾಪದ: ಹಾನಿಯಿಂದ ಕಿರಿಕಿರಿಯವರೆಗೆ

ಇಂಗ್ಲಿಷಿನ 'ಅನಾಯ್' ಕ್ರಿಯಾಪದದ ಮೂಲವು ಲ್ಯಾಟಿನ್ನಿನ 'ಮಿಹಿ ಇನ್ ಓದಿಯೋ ಎಸ್ಟ್', ಅಂದರೆ 'ನನಗೆ ಅದು ದ್ವೇಷ್ಯ', ಎಂಬ ನುಡಿಗಟ್ಟಿನಲ್ಲಿದೆ. ಅನುಭವಿಯನ್ನು ಚತುರ್ಥಿಯಲ್ಲಿರಿಸುವ ಈ ರಚನೆಯು ಕನ್ನಡದ 'ನನಗೆ ಬೇಸರವಾಗಿದೆ' ಎಂಬುದನ್ನು ಹೋಲುತ್ತದೆ. ಇದರಿಂದ ಹುಟ್ಟಿದ 'ಇನೋದಿಯಾರೆ' ಎಂಬ ಸಕರ್ಮಕ ರೂಪವು ಹಳೆಯ ಫ್ರೆಂಚಿನ ಮೂಲಕ 13ನೆಯ ಶತಮಾನದ ಕೊನೆಯ ಹೊತ್ತಿಗೆ ಇಂಗ್ಲಿಷನ್ನು ಸೇರಿತು. ಚತುರ್ಥಿಯ ಅನುಭವಿ ಕರ್ಮಸ್ಥಾನಕ್ಕೆ ಸರಿದನು.

ಮಧ್ಯಕಾಲೀನ ಇಂಗ್ಲಿಷಿನಲ್ಲಿ ಈ ಪದಕ್ಕೆ 'ಹಾನಿಮಾಡು' ಎಂಬ ಅರ್ಥವೂ ಇತ್ತು. 18ನೆಯ ಶತಮಾನದ ಯುದ್ಧವೃತ್ತಾಂತಗಳಲ್ಲಿ ಶತ್ರುವನ್ನು 'ಅನಾಯ್' ಮಾಡುವುದೆಂದರೆ ಪದೇ ಪದೇ ದಾಳಿಮಾಡಿ ಬಾಧಿಸುವುದು. ಅಲ್ಲಿ ಇಂದಿನ ಅರ್ಥವನ್ನು ಹಿಡಿದು 'ಕಿರಿಕಿರಿಗೊಳಿಸು' ಎಂದು ಅನುವಾದಿಸಿದರೆ ಯುದ್ಧವು ಕೀಟಲೆಯಾಗಿಬಿಡುತ್ತದೆ. ಆದುದರಿಂದ ಹಳೆಯ ಪಠ್ಯಗಳಲ್ಲಿ ಈ ಪದಕ್ಕೆ 'ಬಾಧಿಸು' ಎಂಬುದನ್ನೇ ಮೊದಲು ಪರಿಶೀಲಿಸಬೇಕೆಂದು ನಾವು ಭಾವಿಸುತ್ತೇವೆ.