ವ್ಯವಹಾರದ ನಾವೀನ್ಯ ಮತ್ತು ಉತ್ಪಾದಕತೆ: ಪುತ್ತೂರು–ಸುಳ್ಯದ ಅಡಿಕೆ ಸೀಮೆ

ಪುತ್ತೂರಿನ ಕೆಮ್ಮಿಂಜೆಯಲ್ಲಿ 1986ರಲ್ಲಿ ಶುರುವಾದ ಚಾಕೊಲೇಟ್ ಕಾರ್ಖಾನೆಯನ್ನೇ ಈ ಸೀಮೆಯ ದೊಡ್ಡ ವ್ಯಾಪಾರಿ ಹೊಸತನವೆಂದು ಹೇಳುವುದು ವಾಡಿಕೆ. ಕಣ್ಣಿಗೆ ಕಾಣುವ ಕಟ್ಟಡ, ಬಾಯಿಗೆ ರುಚಿ. ಹಾಗಾಗಿ ಅದೇ ಮುಂದೆ ಬರುತ್ತದೆ. ಆದರೆ ಉತ್ಪಾದಕತೆಯ ಲೆಕ್ಕದಲ್ಲಿ ತಿರುವು ಅದಕ್ಕಿಂತ 13 ವರ್ಷ ಹಿಂದಿನದು.

ನಾವೀನ್ಯದ ವರ್ಗೀಕರಣ ಹಲವು ಸಲ ಬದಲಾಗಿದೆ. ಅರ್ಥಶಾಸ್ತ್ರಜ್ಞ ಶುಂಪೀಟರ್ 1911ರಲ್ಲಿ ಐದು ಬಗೆ ಹೇಳಿದ: ಹೊಸ ಸರಕು, ಹೊಸ ವಿಧಾನ, ಹೊಸ ಮಾರುಕಟ್ಟೆ, ಕಚ್ಚಾವಸ್ತುವಿನ ಹೊಸ ಮೂಲ, ಹೊಸ ಸಂಘಟನೆ. ನಾವೀನ್ಯವನ್ನು ಅಳೆಯುವ ಅಂತರರಾಷ್ಟ್ರೀಯ ಮಾರ್ಗಸೂಚಿಯಾದ ಓಸ್ಲೋ ಕೈಪಿಡಿ 2005ರಲ್ಲಿ ನಾಲ್ಕು ಬಗೆ ಹೇಳಿತು, 2018ರಲ್ಲಿ ಅವನ್ನು ಎರಡಕ್ಕೆ ಇಳಿಸಿತು. ಈ ಕೊನೆಯ ಪಟ್ಟಿಯಲ್ಲಿ ಸಂಘಟನೆಯೂ ಮಾರಾಟವೂ 'ವ್ಯವಹಾರ ಪ್ರಕ್ರಿಯೆ'ಯೊಳಗೆ ಕರಗಿಹೋಗಿವೆ. ಅಡಿಕೆ ಸೀಮೆಯ ಚರಿತ್ರೆಗೆ ಅದು ಒಗ್ಗುವುದಿಲ್ಲ; ಇಲ್ಲಿ ಮೊದಲು ಬಂದದ್ದೇ ಹೊಸ ಸಂಘಟನೆ.

1970ರ ದಶಕದ ಆರಂಭದಲ್ಲಿ ಅಡಿಕೆಯ ಧಾರಣೆ ಕುಸಿಯಿತು. 1973ರ ಜುಲೈಯಲ್ಲಿ ವಾರಣಾಶಿ ಸುಬ್ರಾಯ ಭಟ್ಟರ ಅಧ್ಯಕ್ಷತೆಯಲ್ಲಿ ಅಡಿಕೆ ಬೆಳೆಗಾರರ ಸಹಕಾರಿ ಸಂಸ್ಥೆ ಕ್ಯಾಂಪ್ಕೊ ಹುಟ್ಟಿತು. ಕರ್ನಾಟಕ, ಕೇರಳ ಎರಡೂ ರಾಜ್ಯಗಳ ಬೆಳೆಗಾರರನ್ನು ಒಂದೇ ಸಹಕಾರಿಯಡಿ ತಂದದ್ದು ಇದರ ಹೆಚ್ಚುಗಾರಿಕೆ. ಮಂಡೆಕೋಲಿನಂಥ ಗಡಿಯೂರಿಗೆ ಇದರ ಅರ್ಥ ಬೇಗ ತಿಳಿಯುತ್ತದೆ: ಗಡಿಯ ಆಚೆಗೂ ಈಚೆಗೂ ಚಾಲಿ (ಬೇಯಿಸದೆ ಒಣಗಿಸಿ ಸುಲಿದ) ಅಡಿಕೆ ಒಂದೇ, ಮಂಡಿ ವ್ಯಾಪಾರಿಗಳ ದರ್ಬಾರೂ ಒಂದೇ ಆಗಿತ್ತು. ಹೊಸ ಸಂಘಟನೆಯಿಂದ ತೋಟದ ಇಳುವರಿ ಒಂದು ಹಿಂಗಾರದಷ್ಟೂ ಹೆಚ್ಚಲಿಲ್ಲ. ಆದರೆ ಅದೇ ಅಡಿಕೆಗೆ ಸಿಗುವ ಬೆಲೆಗೆ ಆಸರೆ ಬಂತು. ಉತ್ಪಾದನೆಯನ್ನೂ ಉತ್ಪಾದಕತೆಯನ್ನೂ ಒಂದೇ ಎಂದು ಬಗೆಯುವವರಿಗೆ ಈ ಲಾಭ ಕಾಣುವುದೇ ಇಲ್ಲ.

ಕೊಕ್ಕೊ ಬಂದದ್ದು ಅಡಿಕೆಯ ನಡುವಿನ ಉಪಬೆಳೆಯಾಗಿ. ಖಾಸಗಿ ಖರೀದಿ ನಿಂತಾಗ ಕ್ಯಾಂಪ್ಕೊ ಬೀಜ ಕೊಳ್ಳತೊಡಗಿತು. ಕಾರ್ಖಾನೆ ಆ ಖರೀದಿಯ ಮುಂದಿನ ಹೆಜ್ಜೆ. ಅಂದರೆ ಹೊಸ ಸರಕು ಹೊಸ ಸಂಘಟನೆಯ ಬೆನ್ನೇರಿ ಬಂತು. ಮುಂದೆ ನೆಸ್ಲೆಯಂಥ ಕಂಪನಿಗಳಿಗೂ ಚಾಕೊಲೇಟ್ ತಯಾರಿಸಿಕೊಟ್ಟದ್ದರಿಂದ ಯಂತ್ರಗಳಿಗೆ ಹೆಚ್ಚಿನ ಕೆಲಸ ಸಿಕ್ಕಿತು.

ಕೆಲಸದ ವಿಧಾನ ಬದಲಾದದ್ದು ಈಚೆಗೆ, ಆಳುಗಳ ಕೊರತೆಯಿಂದ. 2009ರಲ್ಲಿ ಪುತ್ತೂರಿನಲ್ಲಿ ಅಡಿಕೆ ಯಂತ್ರ ಮೇಳ ನಡೆಯಿತು. ಸುಲಿಯುವ ಯಂತ್ರ ಸಣ್ಣ ಹಿಡುವಳಿದಾರನ ಕೈಗೆಟುಕಿದ್ದು ಯಂತ್ರದಿಂದಷ್ಟೇ ಅಲ್ಲ, ಅದನ್ನು ವಾಹನದಲ್ಲಿ ಮನೆಯಂಗಳಕ್ಕೆ ತಂದು ಬಾಡಿಗೆಗೆ ಸುಲಿದುಕೊಡುವ ಏರ್ಪಾಟಿನಿಂದ. ಇದನ್ನು ಯಾವ ಬಗೆಗೆ ಸೇರಿಸಬೇಕು? ವಿಧಾನಕ್ಕೂ ಸೇರುತ್ತದೆ, ಸಂಘಟನೆಗೂ.

ಕಾರ್ಬನ್ ಫೈಬರ್ ದೋಟಿ ಬಂದ ಮೇಲೆ ನೆಲದಲ್ಲೇ ನಿಂತು ಗೊನೆ ತೆಗೆಯಬಹುದಾಗಿದೆ. ಆದರೂ ಕೊಳೆರೋಗಕ್ಕೆ ಮಳೆಯ ನಡುವಿನ ಹೊಳವಿನಲ್ಲಿ ಬೋರ್ಡೊ ಮದ್ದು ಬಿಡಲು, ಮರ ಹತ್ತುವವರ ದಾರಿ ಕಾಯುವ ತೋಟಗಳು ಇಂದಿಗೂ ಇವೆ.