ಲೀವ್ ಮತ್ತು ದಾಗ್ ಎಂಬ ಮಕ್ಕಳ ತಾಯಿ

೧೯೨೭ನೆಯ ಇಸವಿಯಲ್ಲಿ ನಾರ್ವೆ ದೇಶದ ಬೋರ್ಗ್ನಿ ಎಗೆಲಾಂಡ್ ಎಂಬ ಗೃಹಿಣಿಗೆ ಚೊಚ್ಚಲ ಹೆಣ್ಣುಮಗು ಹುಟ್ಟಿತು. ಮಗುವಿಗೆ ಲೀವ್ ಎಂದು ಹೆಸರಿಟ್ಟರು. ಮೂರು ವರ್ಷದ ತರುವಾಯ ಹುಟ್ಟಿದ ಗಂಡುಮಗುವಿಗೆ ದಾಗ್ ಎಂದು ಹೆಸರಾಯಿತು. ಆ ನಾಡಿನ ಮಾತಿನಲ್ಲಿ ‘ಲೀವ್’ ಎಂದರೆ ಜೀವ, ‘ದಾಗ್’ ಎಂದರೆ ಹಗಲು. ಹುಟ್ಟಿದಾಗ ಎರಡೂ ಮಕ್ಕಳು ನೋಡುವುದಕ್ಕೆ ಲಕ್ಷಣವಾಗಿಯೇ ಇದ್ದವು, ಯಾವ ಊನವೂ ಕಾಣಿಸುತ್ತಿರಲಿಲ್ಲ. ಆದರೆ ಹೊತ್ತು ಹೊತ್ತಿಗೆ ಬರಬೇಕಾದ ನಗೆ, ತೊದಲು, ಅಂಬೆಗಾಲು ಯಾವುದೂ ಸರಿಯಾಗಿ ಬರಲಿಲ್ಲ. ಲೀವ್ ನಡೆಯಲು ಕಲಿಯುವ ಹೊತ್ತಿಗೆ ಎರಡು ವರ್ಷ ಸಮೀಪಿಸಿತ್ತು, ಮಾತೆಂದರೆ ಕೆಲವೇ ಶಬ್ದಗಳು. ದಾಗ್‌ನ ಸ್ಥಿತಿ ಇನ್ನೂ ಕಷ್ಟದ್ದು. ನಾಲ್ಕು ವರ್ಷ ತುಂಬುತ್ತ ಬಂದರೂ ಅವನಿಗೆ ನಡಿಗೆಯಿಲ್ಲ, ನುಡಿಯಿಲ್ಲ, ಎತ್ತಿಕೊಂಡೇ ಉಣಿಸಬೇಕು, ಹಸುಗೂಸಿನಂತೆಯೇ ಸಾಕಬೇಕು.

ಇಂಥ ಮಕ್ಕಳನ್ನು ಸಾಕಿದ ತಾಯಂದಿರು ಲೋಕದಲ್ಲಿ ಎಷ್ಟೋ ಮಂದಿ. ಅವರಲ್ಲಿ ಬಹು ಮಂದಿಯ ಹೆಸರು ಚರಿತ್ರೆಗೆ ಗೊತ್ತಿಲ್ಲ. ಬೋರ್ಗ್ನಿಯ ಹೆಸರು ಉಳಿದದ್ದು ಆಕೆಯ ಸಹನೆಯಿಂದಲ್ಲ. ಸಹನೆ ಅನೇಕರಲ್ಲಿತ್ತು, ಆಕೆಯಲ್ಲಿದ್ದದ್ದು ಪ್ರಶ್ನೆ. ‘ಮಕ್ಕಳು ಹೀಗೇಕೆ ಆದರು?’ ಎಂದು ಕೇಳುವುದನ್ನು ಆಕೆ ಬಿಡಲೇ ಇಲ್ಲ. ಒಬ್ಬ ವೈದ್ಯರಿಂದ ಮತ್ತೊಬ್ಬ ವೈದ್ಯರ ಬಳಿಗೆ ಅಲೆದಳು. ಪರೀಕ್ಷಿಸಿದವರೆಲ್ಲ ‘ಬುದ್ಧಿಮಾಂದ್ಯ’ ಎಂದು ಹೇಳಿದರೇ ಹೊರತು ಕಾರಣ ಹೇಳಿದವರಿಲ್ಲ.

ಆಕೆ ಮಾತ್ರ ಒಂದು ಸಂಗತಿಯನ್ನು ಗಮನಿಸಿದ್ದಳು. ಮಕ್ಕಳ ಮೈಯಿಂದ, ಕೂದಲಿನಿಂದ, ಮೂತ್ರದಿಂದ ಒಂದು ವಿಚಿತ್ರವಾದ ಮುಗ್ಗಲು ವಾಸನೆ ಬರುತ್ತಿತ್ತು. ಎಷ್ಟು ಮೀಯಿಸಿದರೂ, ಬಟ್ಟೆ ಎಷ್ಟು ಒಗೆದರೂ ಅದು ಹೋಗುತ್ತಿರಲಿಲ್ಲ. ಇದನ್ನು ಆಕೆ ವೈದ್ಯರಿಗೆ ಹೇಳಿದಳು. ಅವರಲ್ಲಿ ಯಾರೂ ಅದಕ್ಕೆ ಬೆಲೆ ಕೊಡಲಿಲ್ಲ. ಅವರನ್ನು ಪೂರ್ತಿಯಾಗಿ ದೂರುವುದೂ ನ್ಯಾಯವಲ್ಲ. ಮೈಯ ವಾಸನೆಗೂ ಮಿದುಳಿಗೂ ಏನು ಸಂಬಂಧ ಎಂದು ಅಂದು ಯಾರು ತಾನೇ ಊಹಿಸಬಹುದಾಗಿತ್ತು? ಆದರೆ ಹಗಲಿರುಳು ಮಗುವನ್ನು ತೊಡೆಯ ಮೇಲಿಟ್ಟುಕೊಂಡವಳ ಮೂಗಿಗೆ ತಿಳಿದದ್ದು ವೈದ್ಯರ ಅರ್ಧ ಗಂಟೆಯ ಪರೀಕ್ಷೆಗೆ ತಿಳಿಯದೆ ಹೋಯಿತೆಂಬುದನ್ನಂತೂ ನಾವು ನೆನಪಿಡಬೇಕು.

ಆ ಕಾಲವೂ ಇಂಥ ಮಕ್ಕಳಿಗೆ ಒಳ್ಳೆಯ ಕಾಲವಾಗಿರಲಿಲ್ಲ. ಮಂದಬುದ್ಧಿಯವರ ಸಂತಾನ ಬೆಳೆಯದಂತೆ ತಡೆದರೆ ಜನಾಂಗವೇ ಶುದ್ಧವಾಗುವುದೆಂದು ಯೂರೋಪಿನ ಅನೇಕ ವಿದ್ಯಾವಂತರು ನಂಬಿದ್ದರು. ಜರ್ಮನಿಯಲ್ಲಿ ೧೯೩೩ರಲ್ಲಿ ಇಂಥವರಿಗೆ ಬಲವಂತದ ಸಂತಾನಹರಣ ಚಿಕಿತ್ಸೆ ಮಾಡುವ ಕಾನೂನು ಬಂದಿತು. ೧೯೩೪ರಲ್ಲಿ ನಾರ್ವೆಯೇ ಸಂತಾನಹರಣದ ಕಾಯಿದೆಯೊಂದನ್ನು ಮಾಡಿತು. ನಮ್ಮ ಕಡೆ ‘ಪೂರ್ವಜನ್ಮದ ಕರ್ಮ’ ಎಂದು ತಾಯಿಯ ಹಣೆಗೆ ಹಚ್ಚುತ್ತಿದ್ದ ಹೊರೆಯನ್ನೇ ಅಲ್ಲಿ ‘ಕೆಟ್ಟ ರಕ್ತ’ ಎಂಬ ಹೆಸರಿನಲ್ಲಿ ಹಚ್ಚುತ್ತಿದ್ದರು. ಹೆಸರು ಬೇರೆ, ಭಾರ ಒಂದೇ.

ಅದೇ ೧೯೩೪ರಲ್ಲಿ ಬೋರ್ಗ್ನಿ ಮತ್ತು ಆಕೆಯ ಪತಿ ಹ್ಯಾರಿ ತಮ್ಮ ಮಕ್ಕಳನ್ನು ಓಸ್ಲೋ ನಗರದ ಡಾ. ಆಸ್ಬ್ಯೋರ್ನ್ ಫೋಲಿಂಗ್ ಅವರಿಗೆ ತೋರಿಸಿದರು. ೧೮೮೮ರಲ್ಲಿ ಹುಟ್ಟಿದ ಈ ಫೋಲಿಂಗರು ಮೊದಲು ರಸಾಯನ ಶಾಸ್ತ್ರವನ್ನು ಓದಿ, ಆಮೇಲೆ ವೈದ್ಯಶಾಸ್ತ್ರವನ್ನು ಓದಿದವರು. ಈ ಎರಡು ವಿದ್ಯೆಗಳು ಒಬ್ಬರಲ್ಲೇ ಕೂಡಿದ್ದುದು ಆ ಮಕ್ಕಳ ಕಥೆಗೆ ತಿರುವು ಕೊಟ್ಟಿತು. ಮಕ್ಕಳನ್ನು ನೋಡಿದಾಗ ಬುದ್ಧಿಮಾಂದ್ಯದ ಹೊರತು ಹೆಚ್ಚೇನೂ ಅವರಿಗೂ ಕಾಣಿಸಲಿಲ್ಲ. ಆದರೂ ತಾಯಿಯ ಮಾತನ್ನು ತಳ್ಳಿಹಾಕದೆ ಮೂತ್ರವನ್ನು ಪರೀಕ್ಷೆಗೆ ತರಿಸಿದರು. ಫೆರಿಕ್ ಕ್ಲೋರೈಡ್ ಎಂಬ ಕಬ್ಬಿಣದ ಲವಣದ ದ್ರಾವಣವನ್ನು ಅದಕ್ಕೆ ಕೆಲವು ಹನಿ ಹಾಕುವುದು ಆಗಿನ ಸಾಮಾನ್ಯ ಪರೀಕ್ಷೆ. ಮಾಮೂಲಿನ ಮೂತ್ರದಲ್ಲಿ ಆ ದ್ರಾವಣದ ಕಂದು ಬಣ್ಣವೇ ಉಳಿಯುತ್ತದೆ. ಉಲ್ಬಣಿಸಿದ ಸಿಹಿಮೂತ್ರದ ರೋಗಿಗಳದಾದರೆ ಕೆಂಗಂದು ಬಣ್ಣಕ್ಕೆ ತಿರುಗುತ್ತದೆ. ಈ ಮಕ್ಕಳ ಮೂತ್ರವಾದರೋ ಗಾಢವಾದ ಹಸಿರಾಯಿತು! ಅಂಥ ಬಣ್ಣವನ್ನು ಫೋಲಿಂಗರು ಎಂದೂ ನೋಡಿರಲಿಲ್ಲ. ಪುಸ್ತಕಗಳಲ್ಲಿಯೂ ಅದರ ಮಾತಿರಲಿಲ್ಲ.

ಯಾವುದಾದರೂ ಔಷಧದಿಂದ ಹೀಗಾಗಿರಬಹುದೆಂದು ಶಂಕಿಸಿ, ಒಂದು ವಾರ ಎಲ್ಲ ಔಷಧಗಳನ್ನೂ ನಿಲ್ಲಿಸಿ ಮತ್ತೆ ಮೂತ್ರ ತರಬೇಕೆಂದು ತಾಯಿಗೆ ಹೇಳಿದರು. ಆಗಲೂ ಹಸಿರೇ. ಇನ್ನು ಆ ಹಸಿರಿಗೆ ಕಾರಣವಾದ ವಸ್ತುವನ್ನು ಬೇರ್ಪಡಿಸಬೇಕು. ಇಂದಿನ ಯಂತ್ರಗಳಿಗೆ ಒಂದು ಹನಿ ಸಾಕು. ಅಂದು ಶುದ್ಧವಾದ ಹರಳುಗಳನ್ನು ಕೈಯಿಂದಲೇ ತೆಗೆಯಬೇಕಾಗಿತ್ತು, ಅದಕ್ಕೆ ಬಿಂದಿಗೆಗಟ್ಟಲೆ ಮೂತ್ರ ಬೇಕಾಗಿತ್ತು. ಎರಡು ತಿಂಗಳ ಕಾಲ ಬೋರ್ಗ್ನಿ ಮೂತ್ರವನ್ನು ಸಂಗ್ರಹಿಸಿ ಪ್ರಯೋಗಶಾಲೆಗೆ ತಂದು ಕೊಟ್ಟಳು. ಎಲ್ಲ ಸೇರಿ ಸುಮಾರು ಇಪ್ಪತ್ತು ಲೀಟರು. ಓದುಗರು ಇಲ್ಲಿ ಸ್ವಲ್ಪ ನಿಂತು ಯೋಚಿಸಬೇಕು. ಹೇಳಿದ್ದು ತಿಳಿಯದ, ತಾನಾಗಿ ಕೇಳಲಾರದ ಎರಡು ಮಕ್ಕಳು. ಅವರಲ್ಲೊಬ್ಬ ನಡೆಯಲಾರ. ಅಂಥವರಿಂದ ದಿನದಿನವೂ ಕಾದು ಹಿಡಿದು, ಚೆಲ್ಲದಂತೆ ಶೇಖರಿಸಿ ಒಯ್ಯುವ ಕೆಲಸ ಎಂಥದೆಂಬುದು ಮಕ್ಕಳನ್ನು ಸಾಕಿದವರಿಗೆ ಮಾತ್ರ ಗೊತ್ತು. ವಿಜ್ಞಾನದ ಚರಿತ್ರೆಯಲ್ಲಿ ಇದನ್ನು ಒಂದು ಸಾಲಿನಲ್ಲಿ ಬರೆದು ಮುಗಿಸುತ್ತಾರೆ.

ಆ ವಸ್ತು ಗಾಳಿ ಸೋಕಿದರೆ ಕೆಡುವಂಥದು. ಅದಕ್ಕಾಗಿ ಫೋಲಿಂಗರು ನೈಟ್ರೊಜನ್ ಅನಿಲದ ಆವರಣದಲ್ಲಿ ಕೆಲಸ ಮಾಡಿ, ಕಡೆಗೆ ಅದು ಫಿನೈಲ್ ಪೈರೂವಿಕ್ ಆಮ್ಲವೆಂದು ಸಾಧಿಸಿದರು. ಇಷ್ಟಕ್ಕೇ ನಿಲ್ಲದೆ, ಬುದ್ಧಿಮಾಂದ್ಯರ ಆಶ್ರಮಗಳಿಗೆ ಹೋಗಿ ೪೩೦ ಮಂದಿಯ ಮೂತ್ರವನ್ನು ಪರೀಕ್ಷಿಸಿದರು. ಎಂಟು ಮಂದಿಯಲ್ಲಿ ಅದೇ ಹಸಿರು ಕಾಣಿಸಿತು. ಲೀವ್ ಮತ್ತು ದಾಗ್ ಸೇರಿ ಹತ್ತು ಮಂದಿಯ ವಿವರ ೧೯೩೪ರಲ್ಲಿಯೇ ಜರ್ಮನ್ ಪತ್ರಿಕೆಯೊಂದರಲ್ಲಿ ಪ್ರಕಟವಾಯಿತು. ಬುದ್ಧಿಮಾಂದ್ಯದ ಒಂದು ಬಗೆಗೆ ಶರೀರದ ರಸಾಯನದಲ್ಲಿ ಕಾರಣವಿದೆ, ಅದನ್ನು ಪ್ರನಾಳದಲ್ಲಿ ಹಿಡಿದು ತೋರಿಸಬಹುದು ಎಂಬುದು ಇದರಿಂದ ಸ್ಥಿರವಾಯಿತು. ಮುಂದೆ ಈ ರೋಗಕ್ಕೆ ಫಿನೈಲ್‌ಕೀಟೋನೂರಿಯ ಎಂಬ ಹೆಸರು ನಿಂತಿತು. ನಾರ್ವೆಯಲ್ಲಿ ಅದನ್ನು ಫೋಲಿಂಗರ ರೋಗವೆನ್ನುತ್ತಾರೆ. ತಾಯಿಯ ಹೆಸರನ್ನೂ ಜೊತೆಗೆ ಸೇರಿಸಿದ್ದರೆ ತಪ್ಪೇನಿತ್ತು ಎಂದು ನನಗೆ ಅನ್ನಿಸುವುದುಂಟು.

ಈ ರೋಗದ ಬಗೆ ಹೀಗಿದೆ. ಹಾಲು, ಬೇಳೆ, ಮೊಟ್ಟೆ, ಮಾಂಸ ಇವುಗಳ ಸಸಾರಜನಕದಲ್ಲಿ ಫಿನೈಲ್ ಅಲನೀನ್ ಎಂಬ ಅಂಶವಿರುತ್ತದೆ. ಅದು ದೇಹಕ್ಕೆ ಬೇಕಾದದ್ದೇ. ಆದರೆ ಹೆಚ್ಚಾದುದನ್ನು ಯಕೃತ್ತಿನ ಕಿಣ್ವವೊಂದು ಮಾರ್ಪಡಿಸಿ ಬಿಡುತ್ತದೆ. ಆ ಕಿಣ್ವ ಕೆಲಸ ಮಾಡದಿದ್ದರೆ ಫಿನೈಲ್ ಅಲನೀನ್ ರಕ್ತದಲ್ಲಿ ಕೂಡಿಕೊಂಡು ಬೆಳೆಯುವ ಮಿದುಳನ್ನು ಕೆಡಿಸುತ್ತದೆ. ಅದರ ಒಂದಷ್ಟು ಭಾಗ ಬೇರೆ ರೂಪ ತಾಳಿ ಹೊರಬೀಳುವುದರಿಂದಲೇ ಆ ವಾಸನೆ, ಆ ಹಸಿರು. ಗರ್ಭದಲ್ಲಿರುವಾಗ ಮಗುವಿನ ಪಾಲಿನ ಕೆಲಸವನ್ನೂ ತಾಯಿಯ ಶರೀರವೇ ಮಾಡುತ್ತದೆ. ಆದುದರಿಂದ ಕೂಸು ಸರಿಯಾಗಿಯೇ ಹುಟ್ಟುತ್ತದೆ. ಹುಟ್ಟಿದ ಮೇಲೆ ಕುಡಿಯುವ ಹಾಲೇ, ತಾಯಿಯ ಎದೆಹಾಲೂ ಕೂಡ, ಅದಕ್ಕೆ ಮುಳುವಾಗುತ್ತ ಹೋಗುತ್ತದೆ. ದೋಷದ ಅಂಶ ತಂದೆ ತಾಯಿ ಇಬ್ಬರಿಂದಲೂ ಬಂದರೆ ಮಾತ್ರ ರೋಗ. ಅಂಥ ದಂಪತಿಗಳಿಗೆ ಹುಟ್ಟುವ ಪ್ರತಿ ಮಗುವಿಗೂ ಅದು ತಗಲುವ ಸಂಭವ ನಾಲ್ಕರಲ್ಲೊಂದು. ಇಂಗ್ಲೆಂಡಿನ ಲಯೊನೆಲ್ ಪೆನ್‌ರೋಸ್ ಎಂಬ ತಜ್ಞರು ೧೯೪೬ರ ತಮ್ಮ ಉಪನ್ಯಾಸವೊಂದರಲ್ಲಿ ಇದನ್ನೇ ಲೆಕ್ಕ ಹಾಕಿ, ಈ ದೋಷವನ್ನು ಸಂತಾನಹರಣದಿಂದ ತೊಡೆಯಬೇಕಾದರೆ ಆರೋಗ್ಯವಂತರಾದ ನೂರಕ್ಕೆ ಒಬ್ಬರನ್ನು ಬಲಿಗೊಡಬೇಕಾಗುತ್ತದೆಂದು ತೋರಿಸಿದರು. ‘ಕೆಟ್ಟ ರಕ್ತ’ದ ವಾದಕ್ಕೆ ಅದಕ್ಕಿಂತ ಒಳ್ಳೆಯ ಉತ್ತರ ಬೇಕಿಲ್ಲ.

ಕಾರಣ ತಿಳಿಯಿತು, ಆದರೆ ಬೋರ್ಗ್ನಿಯ ಮಕ್ಕಳಿಗೆ ಅದರಿಂದ ಏನೂ ಉಪಯೋಗವಾಗಲಿಲ್ಲ. ಆಗ ಚಿಕಿತ್ಸೆಯಿರಲಿಲ್ಲ, ಕೆಟ್ಟ ಮಿದುಳು ಮರಳಿ ಸರಿಯಾಗುವಂತೆಯೂ ಇರಲಿಲ್ಲ. ದಾಗ್ ಎಳವೆಯಲ್ಲಿಯೇ ತೀರಿಕೊಂಡ.

ಚಿಕಿತ್ಸೆಗೆ ಮತ್ತೊಬ್ಬ ತಾಯಿ ಬರಬೇಕಾಯಿತು. ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್ ನಗರದ ಮೇರಿ ಜೋನ್ಸ್ ಎಂಬಾಕೆಯ ಮಗಳು ಶೀಲಾಳಿಗೆ ಈ ರೋಗವಿದೆಯೆಂದು ಅಲ್ಲಿನ ಮಕ್ಕಳ ಆಸ್ಪತ್ರೆಯ ಡಾ. ಹಾರ್ಸ್ಟ್ ಬಿಕೆಲ್ ಕಂಡುಹಿಡಿದರು. ರೋಗದ ಹೆಸರು ಕೇಳಿ ಈ ತಾಯಿ ಮನೆಗೆ ಹೋಗಲಿಲ್ಲ. ಬೆಳಗಾದರೆ ಪ್ರಯೋಗಶಾಲೆಯ ಬಾಗಿಲಲ್ಲಿ ಬಂದು ನಿಲ್ಲುವಳು, ಮಗಳಿಗೆ ಏನಾದರೂ ಮಾಡಿ ಎಂದು ಕೇಳುವಳು. ಔಷಧವಿಲ್ಲವೆಂದು ಹೇಳಿದರೂ ಕೇಳಳು. ಬಿಕೆಲ್, ಜೆರಾರ್ಡ್, ಈವ್ಲಿನ್ ಹಿಕ್‌ಮನ್ಸ್ ಈ ಮೂವರೂ ಕಡೆಗೆ ಲಂಡನ್ನಿನ ಲೂಯಿ ವುಲ್ಫ್ ಎಂಬ ರಸಾಯನಜ್ಞರ ಸಲಹೆಯನ್ನು ಹಿಡಿದು, ಹಾಲಿನ ಸಸಾರಜನಕವನ್ನು ಒಡೆದು, ಇದ್ದಿಲಿನ ಮೂಲಕ ಸೋಸಿ, ಫಿನೈಲ್ ಅಲನೀನ್ ಇಲ್ಲದ ಆಹಾರವನ್ನು ತಯಾರಿಸಿದರು. ಕೆಲವು ತಿಂಗಳಲ್ಲಿ ಶೀಲಾ ತೆವಳಲು, ನಿಲ್ಲಲು ಕಲಿತಳು. ಕಣ್ಣಿಗೆ ಕಳೆ ಬಂತು, ಕೂದಲು ಕಪ್ಪಾಯಿತು, ತಲೆ ಚಚ್ಚಿಕೊಳ್ಳುವುದು ನಿಂತಿತು.

ಇದು ಆಹಾರದ ಗುಣವೇ ಎಂದು ಪರೀಕ್ಷಿಸುವುದಕ್ಕಾಗಿ ವೈದ್ಯರು ತಾಯಿಗೆ ತಿಳಿಸದೆಯೇ ಆ ಆಹಾರದಲ್ಲಿ ಫಿನೈಲ್ ಅಲನೀನ್ ಬೆರೆಸಿದರು. ಬಹು ಬೇಗ ಮಗು ಕಲಿತದ್ದನ್ನೆಲ್ಲ ಕಳೆದುಕೊಳ್ಳತೊಡಗಿತು. ತಾಯಿ ಕಂಗಾಲಾಗಿ ಓಡಿಬಂದಾಗ ನಿಜ ಹೇಳಿದರು, ಆಮೇಲೆ ಆಕೆಯ ಒಪ್ಪಿಗೆ ಪಡೆದು ಆಸ್ಪತ್ರೆಯಲ್ಲಿಯೇ ಪ್ರಯೋಗವನ್ನು ಮತ್ತೆ ನಡೆಸಿದರು. ಇಂದು ಯಾವ ಆಸ್ಪತ್ರೆಯೂ ಹೀಗೆ ಮಾಡುವಂತಿಲ್ಲ, ಮಾಡಬಾರದು. ೧೯೫೩ರಲ್ಲಿ ಅವರ ಲೇಖನ ಹೊರಬಿತ್ತು. ಜಗತ್ತು ಪಥ್ಯವನ್ನು ಒಪ್ಪಿಕೊಂಡಿತು. ಶೀಲಾಳ ಕಥೆ ಮಾತ್ರ ಸುಖಾಂತವಲ್ಲ. ತಾಯಿಯೇ ಕಾಯಿಲೆ ಬಿದ್ದು, ಪಥ್ಯ ನಡೆಸುವವರಿಲ್ಲದೆ, ಆ ಹುಡುಗಿ ಆಶ್ರಮ ಸೇರಿ ಅಲ್ಲೇ ಬಾಳಬೇಕಾಯಿತು.

ನೊಬೆಲ್ ಪಾರಿತೋಷಕ ಪಡೆದ ಕಾದಂಬರಿಕಾರ್ತಿ ಪರ್ಲ್ ಬಕ್‌ಳ ಹೆಸರನ್ನು ನಮ್ಮ ಓದುಗರು ಬಲ್ಲರು. ಆಕೆಯ ಮಗಳು ಕ್ಯಾರಲ್ ೧೯೨೦ರಲ್ಲಿ ಚೀನದಲ್ಲಿ ಹುಟ್ಟಿದಳು, ಅವಳದೂ ಇದೇ ರೋಗ. ಆ ಕಾಲದಲ್ಲಿ ಅದಕ್ಕೆ ಹೆಸರೂ ಇರಲಿಲ್ಲ. ಮಗಳ ಆಶ್ರಮದ ವೆಚ್ಚಕ್ಕೆ ಹಣ ಬೇಕೆಂಬುದು ಆಕೆ ಲೇಖನಿ ಹಿಡಿದುದಕ್ಕೆ ಒಂದು ಕಾರಣ. ಇಂಥ ಮಕ್ಕಳನ್ನು ಜನ ಬಚ್ಚಿಡುತ್ತಿದ್ದ ದಿನಗಳಲ್ಲಿ, ೧೯೫೦ರಲ್ಲಿ, ಆಕೆ ತನ್ನ ಮಗಳನ್ನು ಕುರಿತು ಪುಸ್ತಕ ಬರೆದು ಬಹಿರಂಗವಾಗಿ ಮಾತಾಡಿದಳು.

ಪಥ್ಯ ಫಲಿಸಬೇಕಾದರೆ ಹುಟ್ಟಿದ ಕೆಲವೇ ದಿನಗಳಲ್ಲಿ ಆರಂಭಿಸಬೇಕು. ಆ ಹೊತ್ತಿಗೆ ಮಗುವಿನಲ್ಲಿ ಯಾವ ಚಿಹ್ನೆಯೂ ಇರುವುದಿಲ್ಲ. ಈ ಕಂಟಕವನ್ನು ನಿವಾರಿಸಿದವರು ಅಮೆರಿಕದ ರಾಬರ್ಟ್ ಗಥ್ರಿ. ಅವರ ಮಗನೂ ಬುದ್ಧಿಮಾಂದ್ಯನೇ, ಸೋದರಿಕೆಯ ಹುಡುಗಿಯೊಬ್ಬಳಿಗೆ ಇದೇ ರೋಗ. ಶಿಶುವಿನ ಹಿಮ್ಮಡಿಯನ್ನು ಚುಚ್ಚಿ ಒಂದು ತೊಟ್ಟು ರಕ್ತವನ್ನು ಸೋಸುಕಾಗದದ ಮೇಲೆ ಹೀರಿಸಿ, ಆ ಕಾಗದವನ್ನು ಬ್ಯಾಕ್ಟೀರಿಯ ಬೆಳೆಸುವ ತಟ್ಟೆಯಲ್ಲಿಟ್ಟರು. ಫಿನೈಲ್ ಅಲನೀನ್ ಹೆಚ್ಚಾಗಿದ್ದರೆ ಕಾಗದದ ಸುತ್ತ ಬ್ಯಾಕ್ಟೀರಿಯ ಬೆಳೆಯುತ್ತದೆ. ೧೯೬೩ರಲ್ಲಿ ಮ್ಯಾಸಚೂಸೆಟ್ಸ್ ಪ್ರಾಂತ್ಯ ನವಜಾತ ಶಿಶುಗಳಿಗೆಲ್ಲ ಪರೀಕ್ಷೆ ಕಡ್ಡಾಯವೆಂದು ಕಾನೂನು ಮಾಡಿತು. ಬೇರೆ ರಾಜ್ಯಗಳೂ ದೇಶಗಳೂ ಹಿಂಬಾಲಿಸಿದವು.

ನಮ್ಮ ಕರ್ನಾಟಕದಲ್ಲಿಯೂ ಒಂದು ಲಕ್ಷಕ್ಕೂ ಮಿಕ್ಕ ನವಜಾತ ಶಿಶುಗಳ ರಕ್ತವನ್ನು ಇಂಥ ದೋಷಗಳಿಗಾಗಿ ಪರೀಕ್ಷಿಸಿ ಅದರ ಫಲಿತಾಂಶವನ್ನು ೧೯೮೮ರಲ್ಲಿ ಪ್ರಕಟಿಸಿದರು. ಸೋದರಮಾವನಿಗೆ, ಅತ್ತೆಯ ಮಗನಿಗೆ ಹೆಣ್ಣು ಕೊಡುವ ವಾಡಿಕೆಯಿರುವ ನಾಡಿನಲ್ಲಿ, ಎರಡೂ ಕಡೆಯಿಂದ ಒಂದೇ ದೋಷ ಬಂದು ಕೂಡುವ ಸಂಭವ ಹೆಚ್ಚು. ನಮಗೆ ಈ ಪರೀಕ್ಷೆ ಇತರರಿಗಿಂತ ಹೆಚ್ಚಾಗಿ ಬೇಕು. ಆದರೂ ನಮ್ಮ ದೇಶದ ಎಲ್ಲ ಹೆರಿಗೆ ಆಸ್ಪತ್ರೆಗಳಲ್ಲಿ ಇದು ಇನ್ನೂ ನಡೆಯುವುದಿಲ್ಲ. ಮಗು ಹುಟ್ಟಿದ ಮನೆಯವರು ವೈದ್ಯರನ್ನು ಕೇಳುವುದರಲ್ಲಿ ಸಂಕೋಚಪಡಬೇಕಾಗಿಲ್ಲ.

ರೋಗ ಗೊತ್ತಾದ ಮೇಲೆ ಮತ್ತೆ ಎಲ್ಲವೂ ಅಡಿಗೆಮನೆಗೇ ಬರುತ್ತದೆ. ಬೇಳೆ ಇಷ್ಟು, ಅನ್ನ ಇಷ್ಟು, ಹಾಲು ಇಷ್ಟು ಎಂದು ತೂಗಿ ಅಳೆದು, ಬಂಧುಗಳ ಮನೆಯ ಮದುವೆಯೂಟದಲ್ಲಿಯೂ ಕಣ್ಣಿಟ್ಟು ಕಾದು, ವರ್ಷಗಟ್ಟಲೆ ನಡೆಸಬೇಕು. ಹಾಗೆ ನಡೆಸಿದ ಮಕ್ಕಳು ಎಲ್ಲರಂತೆ ಶಾಲೆಗೆ ಹೋಗಿ, ಓದಿ, ಉದ್ಯೋಗ ಹಿಡಿಯುತ್ತಾರೆ. ಸಿಹಿಮೂತ್ರದವರು ಸಕ್ಕರೆಗೆ ಬದಲಾಗಿ ಉಪಯೋಗಿಸುವ ಮಾತ್ರೆಯ ಡಬ್ಬಿ ತಮ್ಮ ಮನೆಯಲ್ಲಿದ್ದರೆ ಒಮ್ಮೆ ತಿರುಗಿಸಿ ನೋಡಿರಿ. ಅದರಲ್ಲಿ ಆಸ್ಪರ್ಟೇಮ್ ಇದ್ದರೆ, ಫಿನೈಲ್‌ಕೀಟೋನೂರಿಯ ಇರುವವರು ಬಳಸಕೂಡದು ಎಂಬ ಎಚ್ಚರಿಕೆ ಸಣ್ಣ ಅಕ್ಷರಗಳಲ್ಲಿ ಅಚ್ಚಾಗಿರುತ್ತದೆ.