ಕೋಸಿಗೆ ಚಳಿ, ತೋಟಕ್ಕೆ ಬಾವಿ

ನಮ್ಮ ಸುರಪುರದಲ್ಲಿ ಯಾವುದರ ಮೂಲ ಗೊತ್ತಿಲ್ಲವೋ ಅದನ್ನು ಟೇಲರ್ ಸಾಹೇಬನ ಲೆಕ್ಕಕ್ಕೆ ಬರೆದುಬಿಡುತ್ತೇವೆ. ಹಳೇ ರಸ್ತೆಯೇ? ಟೇಲರ್ ಹಾಕಿಸಿದ್ದು. ಹಳೇ ಕಟ್ಟೆಯೇ? ಅವನೇ ಕಟ್ಟಿಸಿದ್ದು. ಕ್ಯಾಬೀಜು, ಬಟಾಣಿ, ಹೂಕೋಸೂ ಅವನ ಜೋಡಿಯೇ ಗುಡ್ಡ ಹತ್ತಿ ಬಂದವೆಂದು ನಮ್ಮ ಮುತ್ಯಾ ಹೇಳುತ್ತಿದ್ದ. ನಾವು ಹೂಗಾರರು. ಓಣಿಯ ಹಣಮಪ್ಪನಿಗೆ ದಿನಾ ಹೂವು, ಸೋಮವಾರ ಈಶ್ವರನಿಗೆ ಪತ್ರಿ ಕೊಡುವ ಮನೆ ನಮ್ಮದು. ನಾನು ಮಾಸ್ತರಿಕೆ ಮಾಡಿ ನಿವೃತ್ತನಾದವನು. ಹೀಗಾಗಿ ಮುತ್ಯಾನ ಮಾತನ್ನು ನಂಬುವುದಕ್ಕಿಂತ ತಿದ್ದುವ ಚಟ ಹೆಚ್ಚು.

ಟೇಲರನ ಬಗ್ಗೆ ಗಟ್ಟಿಯಾಗಿ ಹೇಳಬಹುದಾದದ್ದು ಇಷ್ಟು. ಫಿಲಿಪ್ ಮೆಡೋಸ್ ಟೇಲರ್ 1808ರಲ್ಲಿ ಲಿವರ್‌ಪೂಲಿನಲ್ಲಿ ಹುಟ್ಟಿದವನು. 1841ರಲ್ಲಿ ಸುರಪುರಕ್ಕೆ ಬಂದು, ಬಾಲಕ ಅರಸ ವೆಂಕಟಪ್ಪ ನಾಯಕನ ಪರವಾಗಿ 1853ರವರೆಗೆ ಆಡಳಿತ ನೋಡಿದ. ಆ ಹುಡುಗ ಅವನನ್ನು ಅಪ್ಪಾ ಎಂದೇ ಕರೆಯುತ್ತಿದ್ದ. 1844ರ ಹೊತ್ತಿಗೆ ಕಟ್ಟಿಸಿದ ಟೇಲರ್ ಮಂಜಿಲ್ ಇವತ್ತಿಗೂ ಗುಡ್ಡದ ಮೇಲಿದೆ. ತೋಟದವರು ಅವನಿಗೆ ನಿಜವಾಗಿ ಕೈಮುಗಿಯಬೇಕಾದದ್ದು ಕೋಸಿಗಲ್ಲ, ಬೋನಾಳ ಕೆರೆಗೆ. ಸುರಪುರದ ನಾಯಕ ಅರಸರು ಕಟ್ಟಿಸಿದ್ದ ಆ ಕೆರೆಯನ್ನು ಅವನು ಹಿಗ್ಗಿಸಿದ. ಈಗ ಅದನ್ನು ಪಕ್ಷಿಧಾಮ ಎನ್ನುತ್ತಾರೆ. ನನ್ನ ಬಾಲ್ಯದಲ್ಲಿ ಅದು ಬರೀ ಕೆರೆ, ಸುತ್ತಲಿನ ಬಾವಿಗಳ ಸೆಲೆ ಬತ್ತದಂತೆ ನೋಡಿಕೊಳ್ಳುವ ಕೆರೆ.

ಕೋಸಿನ ಕಥೆ ಒಬ್ಬ ಸಾಹೇಬನ ಕಥೆಯಲ್ಲ, ಋತುಮಾನ ತಿರುವು ಮುರುವಾದ ಕಥೆ. ಇಂಗ್ಲೆಂಡಿನಂಥ ತಂಪು ದೇಶದಲ್ಲಿ ಕೈತೋಟ ಮಾಡುವವರು ಹಿಮ ಕರಗುವುದನ್ನು ಕಾಯುತ್ತಾರೆ, ಬೇಸಿಗೆಯಲ್ಲಿ ಕೊಯ್ಯುತ್ತಾರೆ. ನಮ್ಮ ಯಾದಗಿರಿ ಸೀಮೆಯ ಬೇಸಿಗೆ 42 ಡಿಗ್ರಿ ದಾಟುತ್ತದೆ, ಆ ಬಿಸಿಲಿನಲ್ಲಿ ಕೋಸು ಗಡ್ಡೆ ಕಟ್ಟುವುದಿರಲಿ, ಸಸಿಯೇ ಉಳಿಯದು. ಆದರೆ ಅವರ ಬೇಸಿಗೆಯಂಥದ್ದೇ ಹವೆ ನಮಗೆ ಕಾರ್ತೀಕದಿಂದ ಮಾಘದವರೆಗೆ ಸಿಗುತ್ತದೆ. ಹಸ್ತದ ಮಳೆ ಹಿಂದಾಗುತ್ತಲೇ ಸಸಿಮಡಿ, ಸ್ವಾತಿ ಮುಗಿಯುವುದರೊಳಗೆ ನಾಟಿ, ಸಂಕ್ರಾಂತಿಯ ಹೊತ್ತಿಗೆ ಗಡ್ಡೆ. ಬಂಗಾಳದಲ್ಲಿದ್ದ ಪಾದ್ರಿ ಫರ್ಮಿಂಜರ್ 1860ರ ದಶಕದಲ್ಲಿ ಬರೆದ ತೋಟಗಾರಿಕೆಯ ಕೈಪಿಡಿ ವಿಲಾಯತಿ ತರಕಾರಿಗೆ ಹಿಡಿದದ್ದೂ ಈ ಚಳಿಗಾಲದ ದಾರಿಯನ್ನೇ. ಅದಕ್ಕೂ ಮೊದಲೇ, 1822ರಲ್ಲಿ, ಡಾ. ಜೆಮ್ಸನ್ ಎಂಬಾತ ಸಹಾರನ್‌ಪುರದ ಕಂಪನಿ ತೋಟಕ್ಕೆ ಹೂಕೋಸಿನ ಬೀಜ ತಂದಿದ್ದ. ಕಂಪನಿ ತೋಟ ಮತ್ತು ದಂಡುಗಳ ಕೈತೋಟದಿಂದ ಸಂತೆಗೆ ಇಳಿಯಲು ಅದಕ್ಕೆ ಬಹಳ ಕಾಲ ಹಿಡಿಯಿತು.

ನಮ್ಮ ಕಡೆಗೆ ಅದನ್ನು ಇಳಿಸಿದ್ದು ರೈಲು ಎಂದು ನನ್ನ ತರ್ಕ. 1858ರ ಬಂಡಾಯದಲ್ಲಿ ಸೋತ ವೆಂಕಟಪ್ಪ ನಾಯಕ ತೀರಿಕೊಂಡ, ಸಂಸ್ಥಾನ ನಿಜಾಮನ ಪಾಲಾಯಿತು. 1871ರಲ್ಲಿ ಮುಂಬಯಿ ಕಡೆಯಿಂದ ಬಂದ ಹಳಿ ಯಾದಗಿರಿ ದಾಟಿ ರಾಯಚೂರಿನಲ್ಲಿ ಮದ್ರಾಸ್ ಕಡೆಯ ಹಳಿಗೆ ಕೂಡಿತು. ಪುಣೆಯಲ್ಲಿ ಪೋಚಾ ಬೀಜದ ಕಂಪನಿ ಶುರುವಾದದ್ದು 1884ರಲ್ಲಿ. ಇವನ್ನೆಲ್ಲ ಒಂದೇ ದಾರಕ್ಕೆ ಪೋಣಿಸಿದರೆ, ಗುಡ್ಡದ ಮೇಲಿನ ಬಂಗಲೆಗಿಂತ ಯಾದಗಿರಿ ಸ್ಟೇಷನ್ನಿನ ಪಾರ್ಸಲ್ ಕೋಣೆ ಹೆಚ್ಚು ಮುಖ್ಯವಾಗಿ ಕಾಣುತ್ತದೆ. ಕಾರಣ, ಕೋಸಿನ ಬೀಜ ಪ್ರತಿವರ್ಷ ಹೊರಗಿನಿಂದಲೇ ಬರಬೇಕು. ಕೋಸು ಹೂಬಿಟ್ಟು ಬೀಜವಾಗಲು ವಾರಗಟ್ಟಲೆ ಕೊರೆಯುವ ಚಳಿ ಬೇಕು. ನಮ್ಮಲ್ಲಿ ಡಿಸೆಂಬರಿನ ರಾತ್ರಿಯೂ 15 ಡಿಗ್ರಿಯ ಆಸುಪಾಸು, ಅದಕ್ಕದು ಸಾಲದು. ಕಿತ್ತಳೆ ಬಣ್ಣದ ವಿಲಾಯತಿ ಗಜ್ಜರಿಯ ಹಟವೂ ಇದೇ. ನಮ್ಮ ಕೆಂಪು ಗಜ್ಜರಿ ಮಾತ್ರ ಇಲ್ಲಿಯೇ ತೆನೆಬಿಟ್ಟು ಬೀಜ ಕೊಡುತ್ತದೆ. ಮೂಲಂಗಿಯೂ ಹಾಗೆಯೇ. ನಮ್ಮ ಆಯಿ ಅಟ್ಟದ ಮೇಲೆ ಬೂದಿ ಬೆರೆಸಿ ಸೋರೆಬುರುಡೆಯಲ್ಲಿಟ್ಟ ಬೀಜಗಳಲ್ಲಿ ಬದನಿ, ಹೀರಿ, ಚವಳಿ, ಪುಂಡಿ, ರಾಜಗಿರಿ, ಮೆಂತೆ ಎಲ್ಲ ಇರುತ್ತಿದ್ದವು. ಕೋಸು ಇರಲಿಲ್ಲ. ಬೀಜ ಮನೆಯಲ್ಲಿ ಉಳಿಯದ ಬೆಳೆ ಅಂಗಡಿಯವನ ಬೆಳೆ ಎಂದು ಆಕೆ ಅದನ್ನು ಒಳಗೇ ಬಿಟ್ಟುಕೊಳ್ಳಲಿಲ್ಲ.

ಎಳ್ಳಮಾಸಿಯ ದಿನ ಇದು ಇನ್ನೂ ಸ್ಪಷ್ಟವಾಗುತ್ತಿತ್ತು. ಚಳಿಯ ನಡುವೆ ಬರುವ ಆ ಅಮಾವಾಸ್ಯೆಗೆ ಈ ಸೀಮೆಯವರೆಲ್ಲ ಬಂಡಿ ಕಟ್ಟಿಕೊಂಡು ಹೊಲಕ್ಕೆ ಹೋಗುತ್ತಾರೆ, ಚರಗ ಚೆಲ್ಲುತ್ತಾರೆ, ಸಜ್ಜಿ ರೊಟ್ಟಿಯ ಜೋಡಿ ಭಜ್ಜಿ ಉಣ್ಣುತ್ತಾರೆ. ಭಜ್ಜಿಯೆಂದರೆ ಬೆಂಗಳೂರಿನವರು ತಿಳಿದಂತೆ ಎಣ್ಣೆಯಲ್ಲಿ ಕರಿದದ್ದಲ್ಲ. ಹಸಿ ತೊಗರಿ, ಹಸಿ ಕಡಲೆ, ಅವರೆ, ಬದನಿಕಾಯಿ, ಗಜ್ಜರಿ, ಮೆಂತೆ ಪಲ್ಲೆ, ಉಳ್ಳಾಗಡ್ಡಿ ತಪ್ಪಲು, ಹುಣಸಿಹುಳಿ, ಮೇಲೆ ಒಂದಿಷ್ಟು ಕಡಲೆಹಿಟ್ಟು. ಹೊಲ ಮತ್ತು ತೋಟ ಆ ವಾರ ಏನು ಕೊಟ್ಟಿತೆಂಬುದರ ಪೂರ್ತಿ ದಾಖಲೆ ಅದು. ಆಯಿ ಅದರಲ್ಲಿ ಕೋಸು ಹಾಕಗೊಡುತ್ತಿರಲಿಲ್ಲ, ಪರದೇಶಿ ಕಾಯಿಪಲ್ಲೆ ಭೂಮ್ತಾಯಿಗೆ ನಡೆಯದು ಅನ್ನುತ್ತಿದ್ದಳು. ಅದೇ ಭಜ್ಜಿಗೆ ಹಸಿಮೆಣಸಿನಕಾಯಿ ಬೀಳುತ್ತಿತ್ತು, ಪಕ್ಕದಲ್ಲಿ ಶೇಂಗಾ ಹೋಳಿಗೆ ಇರುತ್ತಿತ್ತು. ಎರಡೂ ಅಮೆರಿಕ ಖಂಡದಿಂದ ಬಂದವು! ಮಾಸ್ತರನಾದ ಮೇಲೆ ಇದನ್ನು ಹೇಳಿದೆ. ಆಯಿ, “ನಿನ್ನ ಪುಸ್ತಕಕ್ಕ ಬೆಂಕಿ ಹಚ್ಚು” ಎಂದು ಇನ್ನೊಂದು ಹೋಳಿಗೆ ಹಾಕಿದಳು.

ಹೂವಿನಲ್ಲಿ ನಮ್ಮ ಕುಲಕ್ಕೆ ಇಂಥ ಮಡಿವಂತಿಕೆ ಇರಲಿಲ್ಲ. ದಸರೆಗೆ ಆಯುಧಗಳಿಗೂ ಲಾರಿಗಳಿಗೂ ಏರಿಸುವ ಚೆಂಡುಹೂವು ಮೆಕ್ಸಿಕೋದ್ದು. ಸೇವಂತಿಗೆ ಚೀನಾದ್ದು. ಸೇವಂತಿಗೆಯ ಗುಣ ಮುತ್ಯಾನಿಗೆ ಚೆನ್ನಾಗಿ ಗೊತ್ತಿತ್ತು: ಎಷ್ಟು ನೀರು, ಎಷ್ಟು ಗೊಬ್ಬರ ಕೊಟ್ಟರೂ ಹಗಲು ಗಿಡ್ಡವಾಗುವವರೆಗೆ ಅದು ಮೊಗ್ಗು ಹಿಡಿಯದು. ರಾತ್ರಿ ಉದ್ದವಾಗುವುದೇ ಅದಕ್ಕೆ ಅಪ್ಪಣೆ. ಆದ್ದರಿಂದ ಮಳೆಗಾಲದಲ್ಲಿ ಕುಡಿ ಚಿವುಟಿ ಕವಲು ಒಡೆಸಿ ಬಿಡುತ್ತಿದ್ದ, ದೀಪಾವಳಿಯಿಂದ ಸಂಕ್ರಾಂತಿವರೆಗೆ ಕೈತುಂಬ ಹೂವು. ಮಲ್ಲಿಗೆ ಚಳಿಯಲ್ಲಿ ಮಲಗಿ ಬೇಸಿಗೆಗೆ ಏಳುತ್ತದೆ. ಹೀಗೆ ಒಂದು ಬಾವಿಯ ಸುತ್ತ ವರ್ಷವಿಡೀ ದೇವರಿಗೆ ಏನಾದರೊಂದು ಇದ್ದೇ ಇರುತ್ತಿತ್ತು.

ಕಾಯಿಪಲ್ಲೆ ಬೆಳೆದು ಮಾರುವುದು ಬಾಗವಾನರ ಕಸುಬು. ನಮ್ಮ ಬಾವಿಯ ಮಗ್ಗುಲಿಗೇ ಒಬ್ಬ ಬಾಗವಾನ ಚಾಚಾನ ತೋಟವಿತ್ತು. ಕರೆಂಟು ಬರುವ ಮುಂಚೆ ಕಪಿಲೆಯ ಕಾಲ. ಬಾವಿಯ ಅಂಚಿನಿಂದ ಇಳಿಜಾರಾಗಿ ತೋಡಿದ ದಾರಿ, ಅದರಲ್ಲಿ ಎತ್ತು ಇಳಿದಂತೆ ಚರ್ಮದ ಚೀಲ ಮೇಲೇರಿ, ಬಾಲದ ತುದಿಯಿಂದ ದೋಣಿಗೆ ನೀರು ಸುರಿಯುತ್ತಿತ್ತು. ದಿನವಿಡೀ ಎಳೆದರೆ ಅರ್ಧ ಎಕರೆ ತೋಯಿಸುವುದೇ ಹೆಚ್ಚು. ಆದ್ದರಿಂದ ಚಾಚಾನ ಮಡಿಗಳು ಪುಟ್ಟವು: ಮೂಲೆಯಲ್ಲಿ ಕೊತ್ತಂಬರಿ, ಕಾಲುವೆಯ ಬದುವಿಗೆ ಮೂಲಂಗಿ, ನಡುವೆ ಕೋಸು, ಬೇಲಿಗೆ ಹೀರಿ. ಕೋಸಿನ ಮಡಿಗೆ ನಾಲ್ಕೈದು ದಿನಕ್ಕೊಮ್ಮೆ ನೀರು. ಎಲೆಯ ಮೇಲೆ ಒಲೆಬೂದಿ ಉದುರಿಸಿದರೆ ಹೇನು ಕಡಿಮೆ. ನಮ್ಮ ಎರಿ ಭೂಮಿಯಲ್ಲಿ ನೀರು ಕಮ್ಮಿಯಾದರೆ ನೆಲ ಬಾಯಿಬಿಟ್ಟು ಬೇರು ಹರಿಯುತ್ತದೆ, ಹೆಚ್ಚಾದರೆ ಬುಡ ಕೊಳೆಯುತ್ತದೆ. ತೋಟದವನ ವಿದ್ಯೆಯೆಲ್ಲ ಈ ಎರಡರ ನಡುವೆ. ಅಳತೆ ಕಲಿಸಿದ್ದು ಎತ್ತಿನ ದಣಿವು.

ಆಮೇಲೆ ಕಾಲುವೆ ಬಂತು. 1964ರ ಮೇ 22ರಂದು ಲಾಲ್ ಬಹದ್ದೂರ್ ಶಾಸ್ತ್ರಿಯವರು ಆಲಮಟ್ಟಿಯಲ್ಲಿ ಕೃಷ್ಣಾ ಮೇಲ್ದಂಡೆ ಯೋಜನೆಗೆ ಅಡಿಗಲ್ಲು ಇಟ್ಟರು, 1982ರಲ್ಲಿ ನಾರಾಯಣಪುರದ ಬಸವಸಾಗರ ಸಿದ್ಧವಾಯಿತು. ಶಹಾಪುರದ ಕಡೆ ಭೀಮರಾಯನಗುಡಿಯಲ್ಲಿ ಕಾಲುವೆಯ ಕಾಲನಿ ಎದ್ದಿತು. ದಕ್ಷಿಣದಿಂದ ಬಂದ ಇಂಜಿನಿಯರರ ಮನೆ ಮುಂದೆ ಡೇಲಿಯಾ, ಕೋಸಿನ ಪಾತಿಗಳನ್ನು ನೋಡಲು ನಾವು ಸೈಕಲ್ ತುಳಿದುಕೊಂಡು ಹೋಗುತ್ತಿದ್ದೆವು. ಈಗ ಅಲ್ಲಿ ಕೃಷಿ ಕಾಲೇಜೇ ಇದೆ. ನೀರು ಬಂದರೆ ಊರೆಲ್ಲ ತೋಟವಾಗುತ್ತದೆ ಎಂದು ಎಲ್ಲರಂತೆ ನಾನೂ ಮಕ್ಕಳಿಗೆ ಪಾಠ ಹೇಳಿದ್ದೆ.

ಆದದ್ದು ಬೇರೆ. ಯೋಜನೆಯ ಲೆಕ್ಕ ಇದ್ದದ್ದು ಕಡಿಮೆ ನೀರಿನ ಬೆಳೆಗಳಿಗೆ. ಕಾಲುವೆಯ ತಲೆಯ ಕಡೆಯ ಹೊಲಗಳು ಭತ್ತದ ಗದ್ದೆಗಳಾದವು. ಗದ್ದೆಯ ಪಕ್ಕದ ಎರಿ ಜವುಳಾಗಿ, ಕೆಲವೆಡೆ ಸವುಳು ಹಿಡಿಯಿತು. ಒಂದು ಮಡಿ ಮೆಂತೆಗೂ ಅಲ್ಲಿ ಒಣ ಬುಡ ಸಿಗದು. ಭತ್ತಕ್ಕೆ ಗಿರಾಕಿಯನ್ನು ಹುಡುಕಬೇಕಿಲ್ಲ, ದಿನಾ ನಸುಕಿನಲ್ಲಿ ಕೊಯ್ದು ಬುಟ್ಟಿ ಹೊರಬೇಕಿಲ್ಲ. ಚಾಚಾನ ಮಕ್ಕಳು ಈಗ ಬೆಳೆಯುವುದನ್ನು ಬಿಟ್ಟು ಮಾರುವುದನ್ನಷ್ಟೇ ಇಟ್ಟುಕೊಂಡಿದ್ದಾರೆ. ಅವರ ಗಾಡಿಯ ಕೋಸು ಲಾರಿಯಲ್ಲಿ ದೂರದಿಂದ ಬರುತ್ತದೆ, ಬೇಸಿಗೆಯಲ್ಲೂ ಬರುತ್ತದೆ. ನಾನು ಚಾಚಾನ ಹಿರಿಯ ಮಗನನ್ನು ಯಾಕಪ್ಪಾ ಎಂದು ಕೇಳಿದೆ. “ಮಾಸ್ತರ್ರ, ನೀರ ಭಾಳ ಆತ್ರೀ. ತ್ವಾಟಕ್ಕ ನೀರ ಕೈಯಾಗ ಇರಬೇಕು, ಕಾಲಾಗಲ್ಲ,” ಎಂದ.

ಇವತ್ತು ಸುರಪುರ, ಶಹಾಪುರ, ಯಾದಗಿರಿಗಳ ಸುತ್ತ ಕಾಯಿಪಲ್ಲೆ ತೋಟ ಕಾಣಬೇಕೆಂದರೆ ಕಾಲುವೆ ಬಿಟ್ಟು ಹೋಗಬೇಕು, ಕೊನೆಯ ತೂಬಿನವರೆಗೂ ನೀರು ಮುಟ್ಟದೆ ರೈತರು ವರ್ಷವೂ ಜಗಳ ಆಡುವ ಹಳ್ಳಿಗಳಿಗೆ. ಅಲ್ಲಿ ಹಳೇ ಬಾವಿಯೋ ಕೊಳವೆ ಬಾವಿಯೋ ಇದ್ದವರು ಹನಿ ನೀರಾವರಿ ಪೈಪು ಎಳೆದು, ಹಸ್ತದ ಮಳೆ ಮುಗಿದ ಮೇಲೆ ಹೂಕೋಸು, ಬದನಿ, ಚೆಂಡುಹೂವು ಹಚ್ಚುತ್ತಾರೆ. ಬೀಜ ಈಗಲೂ ಪಾಕೀಟಿನದೇ. ಎಳ್ಳಮಾಸಿಯ ವಾರ ಅವರ ಮೆಂತೆ ಪಲ್ಲೆಗೆ ಲಾರಿಯ ಮಾಲಿಗಿಂತ ಹೆಚ್ಚು ಬೆಲೆ. ಕೊಡಲು ನಮ್ಮ ಮನೆಯವರು ತಕರಾರು ಮಾಡುವುದಿಲ್ಲ.